ಸ್ಟೇರಿಂಗ್ ಫುಲ್ ಲಾಕ್ ತಿರುಗಿಸಿದರೆ ಗಾಡಿ ಹಿಡಿಯುತ್ತೆ, ಎಡಬ್ಲ್ಯೂಡಿ (ನಾಲ್ಕೂ ಚಕ್ರ ಎಳೆಯೋ ವ್ಯವಸ್ಥೆ) ಲೈಟ್ ಮಿಣುಕುತ್ತೆ, ಹಿಂದೆ ಸುಟ್ಟ ವಾಸನೆ. ದಯವಿಟ್ಟು ಸಹಾಯ ಮಾಡಿ

ಪಾಂಡವಪುರ_ಪಯಣ:
ಎಲ್ಲರಿಗೂ ನಮಸ್ಕಾರ. ಗ್ಯಾರೇಜಿಂದ ಗ್ಯಾರೇಜಿಗೆ ಅಲೆದು ಸಾಕಾಗಿದೆ. ಮನೆ ಗೇಟಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಕ್ಲಚ್ ಬಿಟ್ಟರೆ, ಹ್ಯಾಂಡ್‌ಬ್ರೇಕ್ ಅರ್ಧ ಎಳೆದೇ ಇದೆಯೇನೋ ಅನ್ನೋ ಹಾಗೆ ಗಾಡಿ ಹಿಡಿದು ಹಿಡಿದು ಜರ್ಕ್ ಹೊಡೆಯುತ್ತೆ. ಸ್ಪೀಡ್ 70 ದಾಟಿದರೆ ಹಿಂದಿನಿಂದ ಊಂ ಅಂತ ಸದ್ದು. ಮೊನ್ನೆ ಮೇಲುಕೋಟೆ ಬೆಟ್ಟ ಇಳಿದು ಜಕ್ಕನಹಳ್ಳಿ ಹತ್ರ ನಿಲ್ಲಿಸಿದಾಗ ಹಿಂಭಾಗದಲ್ಲಿ ಸುಟ್ಟ ವಾಸನೆ ಬಂತು. ಮನೆಯವರೆಲ್ಲ ಗಾಬರಿಯಾಗಿ ಇಳಿದುಬಿಟ್ಟರು. ಎಡಬ್ಲ್ಯೂಡಿ ಲೈಟ್ ಮಿಣುಕಿ ಆಮೇಲೆ ಹತ್ತಿಕೊಂಡೇ ಇರುತ್ತೆ. ಸ್ಕ್ಯಾನ್ ಮಾಡಿಸಿದೆ, ಎರರ್ ಕ್ಲಿಯರ್ ಮಾಡಿದ್ದೀವಿ ಅಂತ ದುಡ್ಡು ಇಸ್ಕೊಂಡರು, ಮತ್ತೆ ಅದೇ ಕಥೆ. ಸರ್ವಿಸ್ ಎಲ್ಲ ಟೈಮಿಗೆ ಸರಿಯಾಗಿ ಆಗಿದೆ. ಏನಿದು?

ಬನ್ನಿಮಂಟಪ_ಸ್ಪ್ಯಾನರ್:
ಯಾವ ಗಾಡಿ ಅಂತಲೇ ಬರೆದಿಲ್ಲವಲ್ಲ ಸಾರ್. ಯಾವುದೇ ಇರಲಿ, ಸ್ಟೇರಿಂಗ್ ಫುಲ್ ಲಾಕಲ್ಲಿ ತೊಂದರೆ ಅಂದ್ರೆ ಸಿವಿ ಜಾಯಿಂಟು, ಆ್ಯಕ್ಸೆಲ್ ತುದಿಯ ಕೀಲು. ಅದರ ಬೂಟ್ (ರಬ್ಬರ್ ಕವಚ) ಹರಿದು ಗ್ರೀಸ್ ಆಚೆ ಬಂದಿರುತ್ತೆ. ಮುಂದಿನ ಎರಡೂ ಆ್ಯಕ್ಸೆಲ್ ಇಳಿಸಿ ನೋಡಿಸಿ.

ಪಾಂಡವಪುರ_ಪಯಣ:
ಡಸ್ಟರ್ ಎಡಬ್ಲ್ಯೂಡಿ, ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸಿವಿ ಬೂಟ್ ನೋಡಿಸಿದ್ದೀನಿ, ನಾಲ್ಕೂ ಕಡೆ ಹರಿದಿಲ್ಲ.

ಬನ್ನಿಮಂಟಪ_ಸ್ಪ್ಯಾನರ್:
ಬೂಟ್ ಚೆನ್ನಾಗಿದ್ದ ಮಾತ್ರಕ್ಕೆ ಒಳಗೆ ಚೆನ್ನಾಗಿದೆ ಅಂತಲ್ಲ. ಒಳಗಿನ ಬಾಲ್ ಸವೆದು ಗುಂಡಿ ಬಿದ್ದಿರುತ್ತೆ. ಇಂಥ ಕೇಸ್ ಎಷ್ಟೋ ನೋಡಿದ್ದೀನಿ. ಇಳಿಸಿ ನೋಡದೆ ಗೊತ್ತಾಗಲ್ಲ.

ಹೂಟಗಳ್ಳಿ_ಡಿಫರೆನ್ಷಿಯಲ್:
ಸ್ಪ್ಯಾನರ್ ಸಾರ್, ಸಿವಿ ಹೋಗಿದ್ದರೆ ತಿರುವಲ್ಲಿ ಆ್ಯಕ್ಸಲರೇಟರ್ ಕೊಟ್ಟಾಗ ಟಕ್ ಟಕ್ ಅಂತ ಚಕ್ರದ ತಾಳಕ್ಕೆ ಸದ್ದು ಬರಬೇಕು. ಇವರು ಸದ್ದು ಹೇಳ್ತಿಲ್ಲ, ಹಿಡಿತ ಹೇಳ್ತಿದ್ದಾರೆ. ಜೊತೆಗೆ ಸುಟ್ಟ ವಾಸನೆ ಹಿಂದಿನಿಂದ ಬರ್ತಿದೆ. ಪಯಣ ಅವರೇ, ಮೊದಲು ಎರಡು ವಿಷಯ ಹೇಳಿ. ಎಡಬ್ಲ್ಯೂಡಿ ನಾಬ್ ಯಾವುದರಲ್ಲಿದೆ, 2ಡಬ್ಲ್ಯೂಡಿನಾ (ಮುಂದಿನ ಚಕ್ರ ಮಾತ್ರ), ಆಟೋನಾ (ಬೇಕಾದಾಗ ನಾಲ್ಕೂ), ಲಾಕಾ (ನಾಲ್ಕೂ ಒಟ್ಟಿಗೆ)? ಟೈರ್ ಯಾವುದು, ಯಾವಾಗ ಹಾಕಿಸಿದ್ದು?

ಪಾಂಡವಪುರ_ಪಯಣ:
ಮಳೆಗಾಲ ಅಲ್ವಾ ಸಾರ್, ಲಾಕಲ್ಲೇ ಇರುತ್ತೆ. ತೋಟದ ದಾರಿ ಕೆಸರು. ಟೈರ್ ಬಗ್ಗೆ ಏನೂ ಚಿಂತೆ ಇಲ್ಲ, ಹಿಂದಿನ ಎರಡೂ ಹೊಸದು, ಈಚೆಗೆ ಹಾಕಿಸಿದ್ದು. ಮುಂದಿನದು ಇನ್ನೂ ಓಡುತ್ತೆ ಅಂದರು. ಸಮಸ್ಯೆ ಗೇರ್ ಕಡೆ ಇದೆ, ಟೈರ್ ಕಡೆ ಅಲ್ಲ.

ಹೂಟಗಳ್ಳಿ_ಡಿಫರೆನ್ಷಿಯಲ್:
ಟೈರ್ ಪಕ್ಕದಲ್ಲಿ ಅಚ್ಚಾಗಿರೋ ಸೈಜ್ ನಾಲ್ಕೂ ಕಡೆ ಓದಿ ಬರೆಯಿರಿ. ಬಿಲ್ ನೋಡಿ ಬರೀಬೇಡಿ, ಟೈರ್ ನೋಡಿ ಬರೆಯಿರಿ.

ಜಿಪ್ಸಿ_410:
ನಾನು ಜಿಪ್ಸಿಗೆ 215/75 ಆರ್15 ಮಡ್ ಟೈರ್ ಐದು ಒಟ್ಟಿಗೆ ತಗೊಂಡೆ, ಸ್ಟೆಪ್ನಿನೂ ಸೇರಿಸಿ ಐದನ್ನೂ ರೊಟೇಟ್ ಮಾಡ್ತೀನಿ. ಸವೆತ ಎಲ್ಲದರದ್ದೂ ಒಂದೇ ಮಟ್ಟ. ಮುಂದೆ ಬಂಪರ್ ವಿಂಚ್, ಸ್ನಾರ್ಕೆಲ್, ಪಕ್ಕದಲ್ಲಿ ರಾಕ್ ಸ್ಲೈಡರ್. ಫೋಟೋ ಹಾಕ್ತೀನಿ ಬೇಕಾದರೆ.

ಪಾಂಡವಪುರ_ಪಯಣ:
ಮುಂದೆ 215/65 ಆರ್16. ಹಿಂದೆ 215/60 ಆರ್16. ರಿಮ್ ಒಂದೇ, ಅಗಲ ಒಂದೇ, 65 ಸ್ಟಾಕ್ ಇಲ್ಲ, ಇದು ಸರಿಯಾಗಿ ಕೂರುತ್ತೆ ಅಂತ ಅಂಗಡಿಯವರು ಹಾಕಿಕೊಟ್ಟರು. ಕೂತಿದೆ ಕೂಡ, ಎಲ್ಲೂ ತಾಗಲ್ಲ.

ಹೂಟಗಳ್ಳಿ_ಡಿಫರೆನ್ಷಿಯಲ್:
ಅಲ್ಲೇ ಇದೆ ನೋಡಿ. ದಯವಿಟ್ಟು ಈ ಲೆಕ್ಕ ನಿಧಾನವಾಗಿ ಓದಿ.

65 ಅಂದರೆ ಟೈರಿನ ಪಕ್ಕದ ಎತ್ತರ ಅಗಲದ ಶೇ. 65. 215 ಅಂದರೆ ಎಂಎಂ ಲೆಕ್ಕದ ಅಗಲ, ಹಾಗಾಗಿ ಪಕ್ಕ ಸುಮಾರು 140 ಎಂಎಂ. ಮೇಲೆ ಕೆಳಗೆ ಎರಡು ಸಲ ಸೇರಿಸಿ, ನಡುವೆ 16 ಇಂಚಿನ ರಿಮ್ ಇಟ್ಟರೆ ಒಟ್ಟು ವ್ಯಾಸ 686 ಎಂಎಂ. 60 ಆದರೆ ಪಕ್ಕ 129, ವ್ಯಾಸ 664. ಹೆಚ್ಚುಕಮ್ಮಿ 22 ಎಂಎಂ ವ್ಯತ್ಯಾಸ, ಶೇ. 3ಕ್ಕೂ ಜಾಸ್ತಿ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಹಾಕಲೇಬೇಕು.

ಬರೀ ಮುಂದಿನ ಚಕ್ರ ಎಳೆಯೋ ಗಾಡಿಯಲ್ಲಿ ಹಿಂದಿನ ಚಕ್ರ ತನ್ನ ಪಾಡಿಗೆ ತಾನು ಜೋರಾಗಿ ಸುತ್ತಿಕೊಳ್ಳುತ್ತೆ, ಗೇರಿಗೆ ಸಂಬಂಧವಿಲ್ಲ. ನಿಮ್ಮದರಲ್ಲಿ ಮುಂದಿನ ಗೇರ್‌ಬಾಕ್ಸಿಂದ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿ ಸಾಗಿಸೋ ಉದ್ದ ದಂಡ) ಹಿಂದಕ್ಕೆ ಹೋಗುತ್ತೆ, ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚೋ ಗೇರು) ಮುಂದೆ ಎಲೆಕ್ಟ್ರೋಮ್ಯಾಗ್ನೆಟಿಕ್ ಕಪ್ಲಿಂಗ್ ಇದೆ, ಹಿಂದಿನ ಚಕ್ರವನ್ನ ಜೋಡಿಸೋದು ಬಿಡಿಸೋದು ಅದರ ಕೆಲಸ. ಅದರೊಳಗೆ ಕ್ಲಚ್ ಪ್ಲೇಟುಗಳು. ತಿರುವಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದಾರಿ ಹಿಡಿಯುತ್ತವೆ, ಆಗ ಒಂದಷ್ಟು ಹೊತ್ತು ಜಾರಿಕೊಳ್ಳಲಿ ಅಂತ ಮಾಡಿರೋ ಪ್ಲೇಟು ಅವು. ನೇರ ರಸ್ತೆಯಲ್ಲಿ ಜಾರೋ ಕೆಲಸವೇ ಇರಬಾರದು. ನಿಮ್ಮ ಗಾಡಿಯಲ್ಲಿ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಜಾರುತ್ತಿವೆ. ಜಾರಿದರೆ ಬಿಸಿ, ಬಿಸಿಯಾದರೆ ಎಣ್ಣೆ ಸುಡುತ್ತೆ, ಪ್ಲೇಟ್ ಸವೆಯುತ್ತೆ. ವಾಸನೆ ಅದರದ್ದೇ ಇರಬೇಕು.

ಲೈಟ್ ಮಿಣುಕೋದು ಸುಳ್ಳು ಎರರ್ ಅಲ್ಲ. ಓನರ್ಸ್ ಮ್ಯಾನುಯಲ್‌ನಲ್ಲೇ ಇದೆ: ಮುಂದಿನ ಹಿಂದಿನ ಚಕ್ರದ ಅಳತೆಯಲ್ಲಿ ವ್ಯತ್ಯಾಸ ಕಂಡರೆ ಸಿಸ್ಟಮ್ ತಾನೇ 2ಡಬ್ಲ್ಯೂಡಿಗೆ ಹೋಗುತ್ತೆ. ನಾಲ್ಕೂ ಟೈರ್ ಒಂದೇ ಬ್ರಾಂಡ್, ಒಂದೇ ಸೈಜ್, ಸವೆತವೂ ಸಮ ಇರಬೇಕು ಅಂತ ಅಲ್ಲೇ ಬರೆದಿದ್ದಾರೆ. ಗಾಡಿ ತನ್ನನ್ನು ತಾನು ಉಳಿಸಿಕೊಳ್ಳೋಕೆ ನೋಡುತ್ತಿದೆ, ಎರರ್ ಅಳಿಸಿ ಅದರ ಬಾಯಿ ಮುಚ್ಚಿಸಬೇಡಿ.

ಬನ್ನಿಮಂಟಪ_ಸ್ಪ್ಯಾನರ್:
ಲೆಕ್ಕ ಒಪ್ಪಿದೆ. ಆದರೆ ಜರ್ಕ್‌ಗೆ ಸಿವಿನೂ ಕಾರಣ ಇರಬಹುದಲ್ಲ? ಎರಡೂ ಒಟ್ಟಿಗೆ ಇರಬಾರದು ಅಂತ ಏನಿಲ್ಲ.

ಹೂಟಗಳ್ಳಿ_ಡಿಫರೆನ್ಷಿಯಲ್:
ಇರಬಹುದು. ಅದಕ್ಕೆ ಆ್ಯಕ್ಸೆಲ್ ಇಳಿಸೋದು ಬೇಡ. ನಾಬ್ 2ಡಬ್ಲ್ಯೂಡಿಗೆ ತಿರುಗಿಸಿ, ಅದೇ ಗೇಟಲ್ಲಿ, ಅದೇ ತಿರುವು ತಿರುಗಿಸಲಿ. ಹಿಡಿತ ಹೋದರೆ ಕಪ್ಲಿಂಗ್. ಹಾಗೇ ಇದ್ದರೆ ನೀವು ಹೇಳಿದ್ದನ್ನ ನೋಡೋಣ. ಇನ್ನೊಂದು ಮಾತು, ಲಾಕಲ್ಲಿಟ್ಟು ಒಣ ಟಾರ್ ಅಥವಾ ಕಾಂಕ್ರೀಟ್ ಮೇಲೆ ಫುಲ್ ತಿರುಗಿಸಿದರೆ ಟೈರ್ ಸರಿ ಇದ್ದರೂ ಸ್ವಲ್ಪ ಹಿಡಿಯುತ್ತೆ. ಲಾಕ್ ಇರೋದು ಕೆಸರಿಗೆ, ಮರಳಿಗೆ.

ಕಬ್ಬಿನಗದ್ದೆ:
ಅಣ್ಣ, ಒಂದ್ ಡೌಟು. ನಮ್ ಟ್ರ್ಯಾಕ್ಟರ್‌ಗೆ ಮುಂದಿನ ಚಕ್ರ ಚಿಕ್ದು, ಹಿಂದಿಂದು ಆಳೆತ್ತರ. ಫೋರ್ ವೀಲ್ ಹಾಕ್ಕಂಡು ಕೆಸರುಗದ್ದೇಲಿ ವರ್ಸಾನುಗಟ್ಲೆ ಉತ್ತಿವ್ನಿ, ಒಂದ್ ಹಲ್ಲೂ ಮುರ್ದಿಲ್ಲ. ಸೈಜ್ ಬ್ಯಾರೆ ಆದ್ರೆ ಗೇರು ಹೋಯ್ತದೆ ಅನ್ನೋದಾದ್ರೆ ನಮ್ದು ಯಾವತ್ತೋ ಹೋಗ್ಬೇಕಿತ್ತಲ್ವಾ? ಒಸಿ ಬುಡಿಸಿ ಯೋಳಿ.

ಹೂಟಗಳ್ಳಿ_ಡಿಫರೆನ್ಷಿಯಲ್:
ಒಳ್ಳೆ ಪ್ರಶ್ನೆ ಅಣ್ಣ. ಟ್ರ್ಯಾಕ್ಟರ್‌ನಲ್ಲಿ ಆ ಚಿಕ್ಕ ಚಕ್ರ ದೊಡ್ಡ ಚಕ್ರದ ಜೋಡಿಗೆ ತಕ್ಕ ಹಾಗೆ ಗೇರ್ ರೇಶಿಯೋ ಕಟ್ಟಿರ್ತಾರೆ. ಮುಂದಿನ ಚಕ್ರ ಒಂದು ಚೂರು, ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು, ಮುಂದಾಗಿ ಎಳೆಯಲಿ ಅಂತ ಬೇಕಂತಲೇ ಇಟ್ಟಿರ್ತಾರೆ. ಹಿಂದೆ ಬೇರೆ ಸೈಜ್ ಹಾಕಿ ಮುಂದಿನದು ಹಾಗೇ ಬಿಟ್ಟರೆ ಟ್ರ್ಯಾಕ್ಟರಿಗೂ ಇದೇ ಗತಿ. ಎರಡನೇದು, ಗದ್ದೆ ಕೆಸರಲ್ಲಿ ಚಕ್ರ ಜಾರಿ ಒಳಗಿನ ಬಿಗಿ ಬಿಟ್ಟುಹೋಗುತ್ತೆ. ಟಾರ್ ರೋಡಲ್ಲಿ ಜಾರೋಕೆ ಜಾಗ ಇಲ್ಲ, ಬಿಗಿಯೆಲ್ಲ ಗೇರಿಗೇ ಬೀಳುತ್ತೆ. ಕಬ್ಬಿನ ಲೋಡ್ ಎಳೆದು ಫ್ಯಾಕ್ಟರಿಗೆ ಹೋಗುವಾಗ ಫೋರ್ ವೀಲ್ ತೆಗೆದಿಡ್ತೀರಲ್ಲ, ಯಾಕೆ?

ಕಬ್ಬಿನಗದ್ದೆ:
ಹೌದಣ್ಣ, ತೆಗ್ದೇ ಓಡಿಸ್ತೀವಿ. ಮುಂದಿನ್ ಟೈರ್ ಸವ್ದೋಯ್ತದೆ ಅಂತ ನಮ್ಮಪ್ಪ ಯೋಳೋರು. ಆದ್ರೂ ಹಿಂದ್ಲು ಟೈರ್ ಮಾತ್ರ ಬದ್ಲಾಯ್ಸಿದ್ರೆ ಏನೂ ಆಗಲ್ಲ ಅಂತ ನಮ್ಮೂರೋರೆಲ್ಲ ಅಂತಾರೆ, ಎಲ್ರೂ ಹಂಗೇ ಮಾಡ್ತಾವ್ರೆ.

ಜಿಪ್ಸಿ_410:
ಜಿಪ್ಸಿನೂ ಹಾಗೇ. ನಡುವೆ ಡಿಫರೆನ್ಷಿಯಲ್ಲೇ ಇಲ್ಲ, 4ಎಚ್ (ಫೋರ್ ವೀಲ್) ಹಾಕಿದರೆ ಮುಂದೆ ಹಿಂದೆ ಕಟ್ಟಿಹಾಕಿದ ಹಾಗೆ. ಟಾರ್ ಮೇಲೆ ಹಾಕಿ ತಿರುಗಿಸಿದರೆ ಸ್ಟೇರಿಂಗ್ ಕಲ್ಲಾಗುತ್ತೆ. ಆದರೆ 2ಎಚ್‌ನಲ್ಲಿ (ಎರಡೇ ಚಕ್ರ) ಆರಾಮ. ಈ ಎಲೆಕ್ಟ್ರಾನಿಕ್ ಗಾಡಿಗಳ ಸಹವಾಸವೇ ಬೇಡ.

ಬನ್ನಿಮಂಟಪ_ಸ್ಪ್ಯಾನರ್:
ಎಲೆಕ್ಟ್ರಾನಿಕ್ ಇದ್ದಿದ್ದಕ್ಕೇ ಅವರ ಗಾಡಿ ಇನ್ನೂ ಉಳಿದಿದೆ. ಜಿಪ್ಸಿ ಆಗಿದ್ದು 4ಎಚ್‌ನಲ್ಲೇ ಮೇಲುಕೋಟೆ ಹತ್ತಿಸಿದ್ದರೆ ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಕೈಗೆ ಬರುತ್ತಿತ್ತು.

ಜಿಪ್ಸಿ_410:
ಓಡಿಸೋಕೆ ಬರೋರು ಟಾರ್ ರೋಡಲ್ಲಿ 4ಎಚ್ ಹಾಕಲ್ಲ ಸಾರ್.

ಅಡ್ಮಿನ್:
ಜಿಪ್ಸಿ ಮತ್ತು ಟ್ರ್ಯಾಕ್ಟರ್ ಚರ್ಚೆಗೆ ಬೇರೆ ಥ್ರೆಡ್ ತೆರೆದಿದ್ದೀನಿ, ಅಲ್ಲಿ ಮುಂದುವರಿಸಿ. ಇಲ್ಲಿ ಡಸ್ಟರ್ ಮಾತ್ರ.

ಪಾಂಡವಪುರ_ಪಯಣ:
2ಡಬ್ಲ್ಯೂಡಿಯಲ್ಲಿ ಗೇಟಲ್ಲಿ ತಿರುಗಿಸಿ ನೋಡಿದೆ. ಹಿಡಿತ ಇಲ್ಲವೇ ಇಲ್ಲ! ಸಿವಿ ಅಲ್ಲ ಅಂತಾಯ್ತು. ಆದರೆ ಒಂದು ಹೇಳಿ, ಮುಂದಿನ ಟೈರ್ ಸವೆದಿದೆ, ಹಿಂದಿನದು ಹೊಸದು. ಸವೆದು ಚಿಕ್ಕದಾಗಿರೋದರಿಂದ ವ್ಯತ್ಯಾಸ ಕಮ್ಮಿ ಆಗಿರಬೇಕಲ್ಲ?

ಹೂಟಗಳ್ಳಿ_ಡಿಫರೆನ್ಷಿಯಲ್:
ಕಮ್ಮಿ ಆಗಿರುತ್ತೆ, ಸಾಕಾಗಲ್ಲ. ಊಹೆ ಬೇಡ, ಅಳೆದುಬಿಡಿ. ನಾಲ್ಕಕ್ಕೂ ಗಾಳಿ ಸರಿ ಮಾಡಿಸಿ, ಸಮತಟ್ಟು ನೆಲದಲ್ಲಿ ಮುಂದಿನ ಟೈರ್ ನೆಲಕ್ಕೆ ತಾಗೋ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ನೆಲಕ್ಕೂ ಹಾಕಿ. ನ್ಯೂಟ್ರಲ್‌ನಲ್ಲಿ ನೇರ ತಳ್ಳಿ, ಆ ಗೆರೆ ಮತ್ತೆ ನೆಲಕ್ಕೆ ಬಂದಾಗ ಟೇಪ್ ಹಿಡಿಯಿರಿ. ಹಿಂದಿನದಕ್ಕೂ ಹಾಗೇ. ಭಾರ ಹೊತ್ತು ಉರುಳೋ ಅಳತೆ ಸಿಗುತ್ತೆ, ಗೇರಿಗೆ ಗೊತ್ತಾಗೋದು ಅದೇ. ಎಡ ಬಲ ಕೂಡ ಅಳೆಯಿರಿ. ಒಂದೇ ಆ್ಯಕ್ಸೆಲಲ್ಲಿ ಎಡ ಬಲ ಬೇರೆ ಇದ್ದರೆ ಆ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳು ನೇರ ರಸ್ತೆಯಲ್ಲೂ ಸುತ್ತುತ್ತಲೇ ಇರುತ್ತವೆ.

ಪಾಂಡವಪುರ_ಪಯಣ:
ಮುಂದಿನದು 206.5 ಸೆಂ.ಮೀ., ಹಿಂದಿನದು 202.5. ಎಡ ಬಲ ಸಮ.

ಹೂಟಗಳ್ಳಿ_ಡಿಫರೆನ್ಷಿಯಲ್:
4 ಸೆಂ.ಮೀ., ಅಂದರೆ ಶೇ. 2ರ ಹತ್ತಿರ. ಸುಬಾರು ಕಂಪನಿ ತನ್ನ ಗಾಡಿಗಳಿಗೆ ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ 6.4 ಎಂಎಂ ದಾಟಬಾರದು ಅನ್ನುತ್ತೆ. ಎಲ್ಲ ಕಂಪನಿಯೂ ಅಷ್ಟು ಬಿಗಿ ಇಲ್ಲ, ಆದರೆ ನಿಮ್ಮದು 40 ಎಂಎಂ. ಕಿಲೋಮೀಟರಿಗೆ ಮುಂದಿನ ಚಕ್ರ 484 ಸುತ್ತು, ಹಿಂದಿನದು 494. ಮೈಸೂರಿಂದ ಬೆಂಗಳೂರಿಗೆ 140 ಕಿ.ಮೀ. ಹಿಡಿದರೆ 1300 ಸುತ್ತಿಗೂ ಹೆಚ್ಚು ವ್ಯತ್ಯಾಸ, ಕಪ್ಲಿಂಗ್ ಹಿಡಿದಾಗಲೆಲ್ಲ ಅದನ್ನು ನುಂಗಬೇಕಾದ್ದು ಆ ಪ್ಲೇಟುಗಳು. ಹೊಸ ಟೈರ್ ಸಿಗೋವರೆಗೆ ನಾಬ್ 2ಡಬ್ಲ್ಯೂಡಿಯಲ್ಲೇ ಇರಲಿ, ಎಕ್ಸ್‌ಪ್ರೆಸ್‌ವೇ ಕಡೆ ಹೋಗಬೇಡಿ. ಗಾಡಿ ನಿಂತುಹೋದರೆ ಫ್ಲಾಟ್‌ಬೆಡ್ಡಲ್ಲೇ (ಇಡೀ ಗಾಡಿ ಹೊರೋ ಲಾರಿಯಲ್ಲಿ) ಸಾಗಿಸಿ, ಎರಡು ಚಕ್ರ ಎತ್ತಿ ಎಳೆಸೋದು ಖಂಡಿತ ಬೇಡ. ನಾಲ್ಕೂ 215/65 ಆರ್16 ಒಂದೇ ಮಾಡೆಲ್ ಹಾಕಿಸಿ, ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಇಳಿಸಿ ಲೋಹದ ಚೂರು ಇದೆಯಾ ನೋಡಿಸಿ.

ಪಾಂಡವಪುರ_ಪಯಣ:
ನಾಲ್ಕೂ ಹಾಕಿಸಿದೆ. ಆಟೋದಲ್ಲಿ ಓಡಿಸಿದೆ, ಹಿಡಿತ ಹೋಗಿದೆ, ಲೈಟ್ ಬರ್ತಿಲ್ಲ. ತುಂಬಾ ಥ್ಯಾಂಕ್ಸ್ ಸಾರ್. ಆದರೆ 70ರ ಮೇಲೆ ಊಂ ಸದ್ದು ಇನ್ನೂ ಇದೆ, 2ಡಬ್ಲ್ಯೂಡಿಯಲ್ಲೂ ಬರುತ್ತೆ. ಎಣ್ಣೆ ಕಪ್ಪಾಗಿತ್ತು, ದೊಡ್ಡ ಚೂರು ಇರಲಿಲ್ಲ.

ಬನ್ನಿಮಂಟಪ_ಸ್ಪ್ಯಾನರ್:
ಹಾಗಾದ್ರೆ ಹಿಂದಿನ ವೀಲ್ ಬೇರಿಂಗ್. ಲಿಫ್ಟ್ ಮೇಲೆ ಎತ್ತಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ ನೋಡಿಸಿ, ಸ್ಪ್ರಿಂಗ್ ಮೇಲೆ ಕೈ ಇಟ್ಟರೆ ಗರಗರ ತಿಳಿಯುತ್ತೆ.

ಹೂಟಗಳ್ಳಿ_ಡಿಫರೆನ್ಷಿಯಲ್:
ಇದನ್ನ ಒಪ್ತೀನಿ, ಮೊದಲು ಬೇರಿಂಗ್ ನೋಡಿ. ಅದು ಸರಿ ಇದ್ದರೆ ಹಿಂದಿನ ಡಿಫರೆನ್ಷಿಯಲ್ ಬೇರಿಂಗ್. ಬಿಸಿಯಲ್ಲಿ ಓಡಿದೆಯಲ್ಲ.

ಕುವೆಂಪುನಗರ_ಕಾರು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಂದು ಎಕ್ಸ್‌ಯುವಿ700 ಎಡಬ್ಲ್ಯೂಡಿ. ಒಂದು ಟೈರ್ ಪಕ್ಕ ಹರಿದಿದೆ, ಉಳಿದ ಮೂರು ಅರ್ಧ ಸವೆದಿವೆ. ಅದೇ ಸೈಜ್, ಅದೇ ಬ್ರಾಂಡ್ ಒಂದು ಹೊಸದು ಹಾಕಿಸಿದರೆ ಸಾಕಾ?

ಹೂಟಗಳ್ಳಿ_ಡಿಫರೆನ್ಷಿಯಲ್:
ಟ್ರೆಡ್ (ಟೈರಿನ ಮೇಲಿನ ಗೆರೆಗಳ ಆಳ) ಎಷ್ಟು ಎಂಎಂ ಉಳಿದಿದೆ ಅಂತ ನಾಲ್ಕೂ ಕಡೆ ಅಳೆದು ಹಾಕಿ. ಟ್ರೆಡ್ 4 ಎಂಎಂ ಕಮ್ಮಿ ಅಂದರೆ ವ್ಯಾಸ 8 ಎಂಎಂ ಕಮ್ಮಿ, ಸುತ್ತಳತೆಯಲ್ಲಿ 25 ಎಂಎಂ. ಅಳತೆ ಬಂದಮೇಲೆ ಒಂದಾ, ಎರಡಾ, ನಾಲ್ಕಾ ಅಂತ ಹೇಳ್ತೀನಿ.