ಕೋಸಿನ ಹುಳ ಔಷಧಿಗೆ ಸಾಯ್ತಿಲ್ಲ: ಡೋಸ್ ಏರಿಸಬೇಕಾ, ಔಷಧಿ ಬದಲಿಸಬೇಕಾ?

ಮಾಲೂರಿನಿಂದ ಪ್ರಶ್ನೆ: ಎಲೆಕೋಸಿಗೆ ವಜ್ರಬೆನ್ನಿನ ಪತಂಗದ ಹುಳ ಬಿದ್ದಿದೆ. ಮುಟ್ಟಿದರೆ ಹಿಂದಕ್ಕೆ ಒದ್ದಾಡಿ ನೂಲಲ್ಲಿ ನೇತಾಡ್ತದೆ. ಸೈಪರ್‌ಮೆಥ್ರಿನ್ ಆಯ್ತು, ಪ್ರೊಫೆನೊಫಾಸ್ ಜೊತೆ ಮಿಕ್ಸ್ ಬಾಟಲಿನೂ ಆಯ್ತು. ಹೊಡೆದ ಮೂರನೇ ದಿನಕ್ಕೆ ಮತ್ತೆ ಅದೇ ಹುಳ. ಅಂಗಡಿಯವರು ಡೋಸ್ ಡಬಲ್ ಮಾಡಿ ಅಂತಾರೆ. ಗೊತ್ತಿರೋರು ಹೇಳಿ.

ಚಿಂತಾಮಣಿಯಿಂದ: ಡಬಲ್ ಮಾಡಬೇಡಿ ಅಣ್ಣ. ಈ ಹುಳದ ಕರುಳಲ್ಲಿ, ಕೊಬ್ಬಿನ ಭಾಗದಲ್ಲಿ ವಿಷ ಒಡೆಯೋ ಕಿಣ್ವಗಳಿವೆ. ಪಿ450 ಅನ್ನೋ ಗುಂಪು ಔಷಧಿಯ ಅಣುವಿಗೆ ಆಮ್ಲಜನಕ ಸೇರಿಸಿ ನೀರಲ್ಲಿ ಕರಗೋ ಹಾಗೆ ಮಾಡ್ತದೆ, ಆಮೇಲೆ ಅದು ಹಿಕ್ಕೆಯಲ್ಲಿ ಹೊರಗೆ ಹೋಗ್ತದೆ. ಎಸ್ಟರೇಸ್ ಕಿಣ್ವ ಎಸ್ಟರ್ ಕೊಂಡಿಯನ್ನೇ ಕತ್ತರಿಸ್ತದೆ. ಸೈಪರ್‌ಮೆಥ್ರಿನ್‌ನಲ್ಲಿ ಆ ಕೊಂಡಿ ಇದೆ. ಮೂರನೆಯದು ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್, ವಿಷಕ್ಕೆ ಗ್ಲುಟಾಥಯೋನ್ ಅಂಟಿಸಿ ಸಾಗಹಾಕ್ತದೆ. ಡೋಸ್ ಏರಿಸಿದರೆ ಕಿಣ್ವ ಕಡಿಮೆ ಇರೋವು ಸಾಯ್ತವೆ, ಅತಿ ಹೆಚ್ಚು ಇರೋವು ಉಳಿದು ಮೊಟ್ಟೆ ಇಡ್ತವೆ. ಬಿಸಿಲ ಕಾಲದಲ್ಲಿ ಎರಡು–ಮೂರು ವಾರಕ್ಕೆ ಒಂದು ತಲೆಮಾರು, ಯೋಚನೆ ಮಾಡಿ.

ಈ ಶಕ್ತಿ ನಿನ್ನೆ ಮೊನ್ನೆ ಬಂದಿದ್ದಲ್ಲ. ಕೋಸು, ಸಾಸಿವೆ ತಮ್ಮ ರಕ್ಷಣೆಗೆ ಇಟ್ಟುಕೊಂಡಿರೋ ಖಾರದ ರಾಸಾಯನಿಕವನ್ನೇ ಈ ಹುಳ ಸಲ್ಫಟೇಸ್ ಅನ್ನೋ ಕಿಣ್ವದಿಂದ ಕೆಡಿಸಿ ತಿನ್ನುತ್ತದೆ. ಡಿಡಿಟಿಗೆ ಇದು ಜಗ್ಗದೇ ಹೋಗಿದ್ದು 1953ರಷ್ಟು ಹಿಂದೆಯೇ ಜಾವಾದಲ್ಲಿ ದಾಖಲಾಗಿದೆ.

ಕೋಲಾರದಿಂದ: ಒಪ್ಪಿದೆ, ಆದರೆ ಮೊದಲು ನೀರು ನೋಡಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರು ಕ್ಷಾರ. ಪಿಎಚ್ 8 ದಾಟಿದ್ದರೆ ಪ್ರೊಫೆನೊಫಾಸ್‌ನಂಥವು ಡ್ರಮ್ಮಲ್ಲೇ ಒಡೆಯೋಕೆ ಶುರುವಾಗ್ತವೆ. ಲಿಟ್ಮಸ್ ಬೇಡ, ಅಂಕಿ ತೋರಿಸೋ ಪಿಎಚ್ ಪಟ್ಟಿ ತಗೊಳ್ಳಿ. ಸಿಟ್ರಿಕ್ ಆಸಿಡ್ ಚೂರು ಚೂರೇ ಕದಡಿ, 6ರಿಂದ 6.5ಕ್ಕೆ ತಂದು, ಆಮೇಲೆ ಔಷಧಿ ಹಾಕಿ. ಕೋಸಿನ ಎಲೆ ಮೇಣದ ಎಲೆ, ಅಂಟು ದ್ರಾವಣ ಇಲ್ಲದಿದ್ದರೆ ಹನಿ ಜಾರಿಹೋಗ್ತದೆ. ಎಲೆಯ ಅಡಿಗೂ ಬೀಳಬೇಕು.

ಇಷ್ಟು ಸರಿ ಇದ್ದೂ ಸಾಯದಿದ್ದರೆ ಪರೀಕ್ಷೆ ಮಾಡಿ. ಔಷಧಿ ತಾಗದ ಎಲೆ ತುಂಡನ್ನು ಲೇಬಲ್ ಡೋಸಿನ ದ್ರಾವಣದಲ್ಲಿ 10 ಸೆಕೆಂಡ್ ಅದ್ದಿ, ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿಟ್ಟು ಮಧ್ಯಮ ಗಾತ್ರದ 10 ಹುಳ ಬಿಡಿ. ಔಷಧಿಯದು ನಾಲ್ಕು ಡಬ್ಬಿ, ಬರೀ ನೀರಲ್ಲಿ ಅದ್ದಿದ್ದು ನಾಲ್ಕು. 72 ಗಂಟೆ ಬಿಟ್ಟು ಎಣಿಸಿ. ಚುಚ್ಚಿದರೂ ಅಲುಗದೇ ಇದ್ದರೆ ಸತ್ತಂತೆ. ನೀರಿನ ಡಬ್ಬಿಗಳಲ್ಲೇ ನೂರಕ್ಕೆ 20ಕ್ಕಿಂತ ಹೆಚ್ಚು ಸತ್ತಿದ್ದರೆ ಲೆಕ್ಕ ಬಿಸಾಕಿ, ಮತ್ತೆ ಮಾಡಿ.

ಚಿಕ್ಕಬಳ್ಳಾಪುರದಿಂದ: ಮಿಕ್ಸ್ ಬಾಟಲಿ ಬಗ್ಗೆ ಒಂದು ಮಾತು. ಪ್ರೊಫೆನೊಫಾಸ್ ಎಸ್ಟರೇಸನ್ನು ಕಟ್ಟಿಹಾಕ್ತದೆ, ಅದಕ್ಕೇ ಸೈಪರ್‌ಮೆಥ್ರಿನ್ ಜೊತೆ ಸೇರಿಸೋದು. ನಿಮ್ಮಲ್ಲಿ ಅದೂ ಕೆಲಸ ಮಾಡಿಲ್ಲ ಅಂದರೆ ಪಿ450 ಮೇಲೆ ಅನುಮಾನ ಪಡಬೇಕು. ಸೈಪರ್‌ಮೆಥ್ರಿನ್ ಸೇರಿರೋ ಪೈರೆಥ್ರಾಯ್ಡ್ ಗುಂಪನ್ನೇ ಈ ಬೆಳೆಗೆ ಕೈಬಿಡಿ.

ಎಲ್ಲ ಔಷಧಿಯೂ ಕಿಣ್ವಕ್ಕೆ ಸೋಲೋದಿಲ್ಲ. ಕ್ಲೋರ್‌ಫೆನಪೈರ್ ಬಾಟಲಿಯಲ್ಲಿದ್ದಾಗ ಅರೆಬರೆ ಔಷಧಿ, ಹುಳದ ಪಿ450 ಅದನ್ನು ಒಡೆದಾಗಲೇ ನಿಜವಾದ ವಿಷ ಆಗೋದು. ಇಂಡಾಕ್ಸಾಕಾರ್ಬ್ ಕೂಡ ಹಾಗೇ, ಅಲ್ಲಿ ಎಸ್ಟರೇಸ್ ಜಾತಿಯ ಕಿಣ್ವ. ಆದ್ದರಿಂದ ಇಂಡಾಕ್ಸಾಕಾರ್ಬ್‌ಗೆ ಪ್ರೊಫೆನೊಫಾಸ್ ಬೆರೆಸಬೇಡಿ, ಅದನ್ನು ಚುರುಕುಗೊಳಿಸೋ ಕಿಣ್ವಕ್ಕೇ ಬೀಗ ಬೀಳ್ತದೆ. ಕ್ಲೋರ್‌ಫೆನಪೈರ್‌ಗೆ ಪೈಪರೊನಿಲ್ ಬ್ಯೂಟಾಕ್ಸೈಡ್ ಇರೋದನ್ನು ಬೆರೆಸಬೇಡಿ, ಅದು ಪಿ450ಯನ್ನು ತಡೆಯುತ್ತದೆ.

ಹುಳವನ್ನು ಕೊಲ್ಲೋ ರೀತಿ ನೋಡಿ ಔಷಧಿಗಳನ್ನು ನಂಬರ್ ಹಾಕಿ ಗುಂಪು ಮಾಡಿದ್ದಾರೆ. ಹುಳದ ಒಂದು ತಲೆಮಾರಿಗೆ ಒಂದೇ ಗುಂಪು, ಮುಂದಿನದಕ್ಕೆ ಬೇರೆ. ಬಾಟಲಿ ಮೇಲಿನ ದೊಡ್ಡ ಹೆಸರು ಬಿಟ್ಟು ಸಣ್ಣಕ್ಷರದ ಟೆಕ್ನಿಕಲ್ ಹೆಸರು ಓದಿ. ಫ್ಲೂಬೆಂಡಿಯಮೈಡ್ ಆದಮೇಲೆ ಕ್ಲೋರ್‌ಆಂಟ್ರಾನಿಲಿಪ್ರೋಲ್ ಹೊಡೆದರೆ ಬದಲಿಸಿದಂತಲ್ಲ, ಎರಡೂ 28ನೇ ಗುಂಪು. ಅದೂ ಅಲ್ಲದೆ ಆ ಗುಂಪಿಗೆ ಹುಳ ತಡೆಯೋದು ಬರೀ ಕಿಣ್ವದಿಂದಲ್ಲ, ಔಷಧಿ ಕೂರೋ ಜಾಗವೇ ಬದಲಾಗಿರ್ತದೆ.

ಶ್ರೀನಿವಾಸಪುರದಿಂದ: ಟೊಮೊಟೊ ಇಟ್ಟಿರೋರೂ ಕೇಳಿಸ್ಕೊಳ್ಳಿ. ಬಿಳಿನೊಣದ ಒಂದೇ ಕಿಣ್ವ, ಪಿ450 ಗುಂಪಿನ ಸಿವೈಪಿ6ಸಿಎಂ1, ಇಮಿಡಾಕ್ಲೋಪ್ರಿಡ್ಡನ್ನೂ ಒಡೆಯುತ್ತದೆ, ಪೈಮೆಟ್ರೊಜಿನ್ನನ್ನೂ ಒಡೆಯುತ್ತದೆ. ಗುಂಪಿನ ನಂಬರ್ ಬೇರೆ ಬೇರೆ, ಆದರೂ ಒಂದಕ್ಕೆ ಜಗ್ಗದ ನೊಣ ಇನ್ನೊಂದಕ್ಕೂ ಜಗ್ಗೋದಿಲ್ಲ. ನಂಬರ್ ನೋಡಿದರೆ ಅರ್ಧ ಕೆಲಸ ಅಷ್ಟೇ.

ಚಿಂತಾಮಣಿಯಿಂದ ಮತ್ತೆ: ಕೋಸಿಗೆ ಬಿಟಿ, ಅಂದರೆ ಹುಳ ಕೊಲ್ಲೋ ಬ್ಯಾಕ್ಟೀರಿಯಾದ ಔಷಧಿ, ಮರೀಬೇಡಿ. ಸಂಜೆ ಹೊಡೀರಿ, ಬಿಸಿಲಿಗೆ ಅದರ ಶಕ್ತಿ ಹೋಗ್ತದೆ. ಮರಿಹುಳ ಇರುವಾಗಲೇ ಬೀಳಬೇಕು. ಬೇವಿನ ಬೀಜದ ಕಷಾಯ ಆದರೆ ಲೀಟರಿಗೆ 50 ಗ್ರಾಂ ಪುಡಿ, ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ ಅವತ್ತೇ ಮುಗಿಸಿ.

ಎಲೆ ತಿರುಗಿಸಿ ನೋಡಿ. ಜಾಳುಜಾಳು ಬಲೆಯೊಳಗೆ ಹಸಿರು ಕೋಶ ಕಂಡರೆ ಅದು ಪತಂಗದ್ದು. ಒಳಗೇನೂ ಕಾಣದ ಒತ್ತಾದ ಬಿಳಿ ರೇಷ್ಮೆ ಗೂಡಾದರೆ ಕೊಟೇಸಿಯಾ ಕಣಜದ್ದು, ಹುಳ ಕೊಂದು ಹೊರಬಂದಿದ್ದು. ಅದು ಹೆಚ್ಚು ಕಂಡ ವಾರ ರಾಸಾಯನಿಕ ತಡೀರಿ, ಕಣಜ ಸೈಪರ್‌ಮೆಥ್ರಿನ್‌ಗೆ ಹುಳಕ್ಕಿಂತ ಬೇಗ ಸಾಯ್ತದೆ.

ಮಾಲೂರಿನಿಂದ: ಪತಂಗವನ್ನು ಕೋಸಿನಿಂದ ತನ್ನತ್ತ ಸೆಳೆಯೋ ಸಾಸಿವೆ ಸಾಲು ಈಗ ಹಾಕಬಹುದಾ?

ಕೋಲಾರದಿಂದ: ಈ ಬೆಳೆಗೆ ತಡವಾಯ್ತು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿ ಆಗಿ 25 ದಿನಕ್ಕೆ ಬಿತ್ತಬೇಕು. ಈಗ ಮಾಡಬೇಕಾದ್ದು, ಕೊಯ್ದ ಮೇಲೆ ಬುಡ ಬಿಡದೆ ಉತ್ತುಹಾಕೋದು. ಬುಡದಲ್ಲಿ ಚಿಗುರೋ ಎಲೆಯಲ್ಲಿ ಬದುಕುಳಿದ ಹುಳಗಳೇ ಪಕ್ಕದ ಹೊಸ ನಾಟಿಗೆ ಹೋಗೋದು.