ಪದಚರ್ಚೆ: ಕ್ಲಚ್ ‘ಹಿಡಿಯುವುದು’, ‘ಬಿಡುವುದು’: ಕಾಲೋ, ಪ್ಲೇಟೋ?

ಗೆಳೆಯರೇ, ನಮಸ್ಕಾರ.

ಸ್ಪೋರ್ಟ್ಸ್ ಕಾರಿನ ಕ್ಲಚ್ ಸವೆದಿದೆಯೇ ಎಂದು ನೋಡಿ ಬದಲಿಸುವ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5. ಭಾಗಗಳ ಹೆಸರಿನಲ್ಲಿ ತೊಡಕಿಲ್ಲ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್ ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು. ಎಂಜಿನ್ ಜೊತೆ ತಿರುಗುವ ಚಕ್ರವೇ ಫ್ಲೈವೀಲ್; ಕ್ಲಚ್ ಪ್ಲೇಟು ಅದನ್ನು ಹಿಡಿದರೆ ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹೋಗುತ್ತದೆ, ಬಿಟ್ಟರೆ ಹೋಗುವುದಿಲ್ಲ. ತೊಡಕು ಇರುವುದು ಕ್ರಿಯಾಪದಗಳಲ್ಲಿ.

ನಮ್ಮ ದಾವಣಗೆರೆಯಲ್ಲಿ ಬೈಕ್ ಕಲಿಸುವಾಗ ‘ಕ್ಲಚ್ ಹಿಡ್ಕೊಂಡು ಗೇರ್ ಹಾಕು’ ಅಂತಾರೆ. ಇಲ್ಲಿ ಹಿಡಿಯುವುದು ಕೈ. ಕೈ ಹಿಡಿದಾಗ ಒಳಗೆ ಪ್ಲೇಟುಗಳ ಹಿಡಿತ ಬಿಡುತ್ತದೆ. ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ‘ಕ್ಲಚ್ ಹಿಡೀತಿಲ್ಲ’ ಅಂದರೆ ಅದು ಪ್ಲೇಟಿನ ಮಾತು. ‘ಬಿಡು’ ಕೂಡ ಹೀಗೇ. ಡ್ರೈವರ್ ಕ್ಲಚ್ ಬಿಟ್ಟ ಅಂದರೆ ಪ್ಲೇಟು ಹಿಡಿಯಿತು. ಕ್ಲಚ್ಚೇ ಬಿಡ್ತಿಲ್ಲ ಅಂದರೆ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡೇ ತಿರುಗುತ್ತಿದೆ. ಒಂದೇ ಪದ, ಒಂದಕ್ಕೊಂದು ಎದುರಾದ ಎರಡು ಸ್ಥಿತಿ.

ಮಾತಿನಲ್ಲಿ ಇದು ನಡೆಯುತ್ತದೆ, ಗಾಡಿ ಎದುರಿಗೇ ಇರುತ್ತದಲ್ವಾ. ಬರಹದಲ್ಲಿ ನಡೆಯುವುದಿಲ್ಲ. ಯಾಕೆಂದರೆ ಇವು ಎರಡು ಬೇರೆ ರೋಗ, ಔಷಧಿಯೂ ಬೇರೆ.

ಪ್ಲೇಟು ಹಿಡಿಯದಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇದು ಮೊದಲು ಕಾಣುತ್ತದೆ. ಸುಟ್ಟ ವಾಸನೆಯೂ ಬರಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, 3ನೇ ಗೇರ್ ಹಾಕಿ ಪೆಡಲಿನಿಂದ ನಿಧಾನಕ್ಕೆ ಕಾಲು ತೆಗೆದರೆ ಎಂಜಿನ್ ಬಂದ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಈ ಪರೀಕ್ಷೆ ಪದೇ ಪದೇ ಬೇಡ, ಇದ್ದ ಪ್ಲೇಟೂ ಸುಡುತ್ತದೆ.

ಪ್ಲೇಟು ಬಿಡದಿದ್ದರೆ ಪೆಡಲ್ ಪೂರಾ ಒತ್ತಿದರೂ ರಿವರ್ಸ್ ಗೇರ್ ಕರಕರ ಅನ್ನುತ್ತದೆ. ಇದಕ್ಕೆ ಪ್ಲೇಟೇ ಕಾರಣ ಆಗಬೇಕಿಲ್ಲ. ಹಳೆಯ ಎಂಎಕ್ಸ್-5ಗಳಲ್ಲಿ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಭಾಗ) ಸೋರುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದು ಗೇರ್‌ಬಾಕ್ಸಿನ ಹೊರಗೇ ಇದೆ, ಏನನ್ನೂ ಇಳಿಸದೆ ಬದಲಿಸಬಹುದು. ಪ್ಲೇಟು ಬದಲಿಸಬೇಕಾದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಬಿಚ್ಚಬೇಕು, ಗೇರ್‌ಬಾಕ್ಸ್ ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ನಡುವಿನ ಅಲ್ಯೂಮಿನಿಯಂ ಫ್ರೇಮ್ ತೆಗೆಯಬೇಕು, ಆಮೇಲೆ ಗೇರ್‌ಬಾಕ್ಸ್ ಇಳಿಸಬೇಕು. ‘ಹಿಡಿ’, ‘ಬಿಡು’ ತಪ್ಪಾಗಿ ಓದಿಕೊಂಡು ಇಷ್ಟನ್ನೂ ಬಿಚ್ಚಿ ಕೂತವನ ಕೂಲಿ ಯಾರು ಕೊಡಬೇಕು?

ಅದಕ್ಕೇ ನಾನು ಹೀಗೆ ಮಾಡಿದ್ದೇನೆ. ಹಿಡಿ, ಬಿಡು ಎರಡೂ ಪ್ಲೇಟಿಗೆ ಮಾತ್ರ. ಪೆಡಲಿಗೆ ‘ಒತ್ತು’ ಮತ್ತು ‘ಕಾಲು ತೆಗೆ’. ‘ಜಾರು’ ಎಂದಾಗ ಪ್ಲೇಟಿನ ಹೆಸರು ಹೇಳಲೇಬೇಕು, ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದರೂ ‘ಗೇರ್ ಜಾರ್ತು’ ಅನ್ನುವುದಿದೆ.

‘ಪ್ಲೇಟ್ ಹೋಗಿದೆ’ ಎಂಬ ಮಾತನ್ನು ನಾನು ಕೈಬಿಟ್ಟಿದ್ದೇನೆ. ಗ್ಯಾರೇಜಿನಲ್ಲಿ ಅತಿ ಜಾಸ್ತಿ ಕೇಳುವ ಮಾತು ಅದೇ, ಆದರೆ ಕಾರಣ ಹೇಳುವುದಿಲ್ಲ. ಎಂಜಿನ್ನಿನ ಹಿಂದಿನ ಸೀಲ್ ಸೋರಿ ಆಯಿಲ್ ತಾಗಿದರೆ ಸವೆಯದ ಪ್ಲೇಟೂ ಜಾರುತ್ತದೆ. ಆಗ ಸೀಲ್ ಹಾಕದೆ ಸುಮ್ನೆ ಹೊಸ ಕ್ಲಚ್ ಸೆಟ್ ಕೂರಿಸಿದರೆ ಅದೂ ಹಾಳು. ಹಾಗಾಗಿ ‘ಸವೆದಿದೆ’, ‘ಆಯಿಲ್ ಹಿಡಿದಿದೆ’, ‘ಸುಟ್ಟಿದೆ’ ಎಂದು ಬೇರೆ ಬೇರೆ ಬರೆಯುತ್ತೇನೆ. ಈ ‘ಆಯಿಲ್ ಹಿಡಿದಿದೆ’ಯಲ್ಲಿ ಮತ್ತೆ ‘ಹಿಡಿ’ ನುಸುಳಿತು. ‘ಆಯಿಲ್ ಕುಡಿದಿದೆ’ ಅಂದರೆ ಆದೀತೇ?

ಇನ್ನೊಂದಕ್ಕೆ ನನಗೆ ಪದ ಸಿಕ್ಕಿಲ್ಲ. ಪೆಡಲಿನಿಂದ ಕಾಲು ತೆಗೆಯುವಾಗ ಪ್ಲೇಟು ಒಂದೇ ಸಮ ಹಿಡಿಯದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಡೀ ಗಾಡಿಯನ್ನು ಅಲುಗಿಸುತ್ತದೆ. ಫ್ಲೈವೀಲ್ ಮೇಲೆ ಬಿಸಿಗೆ ನೀಲಿ ಕಲೆ ಬಿದ್ದಿದ್ದರೂ ಹೀಗಾಗುತ್ತದೆ. ಇಲ್ಲಿ ‘ಜರ್ಕ್ ಹೊಡೀತದೆ’ ಅಂತಾರೆ. ಆದರೆ ಪೆಟ್ರೋಲ್ ಸರಿಯಾಗಿ ಬರದಿದ್ದರೂ ಜರ್ಕೇ. ‘ಅದುರು’ ಎಂದರೆ ಎಂಜಿನ್ ಅದುರಿದಂತೆ ಕೇಳುತ್ತದೆ. ಚಿತ್ರದುರ್ಗ, ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಅವರು ಹೇಳುವ ಪೂರ್ತಿ ವಾಕ್ಯವನ್ನೇ ದಯವಿಟ್ಟು ಬರೆದು ತಿಳಿಸಿ.