ಸನ್ ಪೇಂಟಿಂಗ್‌ನಲ್ಲಿ ಜರಿಗಿಡದ ಅಚ್ಚು ಮೂಡ್ತಿಲ್ಲ, ಸಹಾಯ ಬೇಕು

ನಮಸ್ಕಾರ. ಬಟ್ಟೆ ಮೇಲೆ ಸನ್ ಪೇಂಟಿಂಗ್ ಮಾಡೋರು ಯಾರಾದ್ರೂ ಇದ್ದೀರಾ? ಗಂಜಿ ಹೋಗೋ ಹಾಗೆ ತೊಳೆದ ಬಿಳಿ ಕಾಟನ್, ಪಾರದರ್ಶಕ ಫ್ಯಾಬ್ರಿಕ್ ಪೇಂಟು, ಅದರ ಎರಡರಷ್ಟು ನೀರು. ಪ್ಲಾಸ್ಟಿಕ್ ಹೊದಿಸಿದ ಹಲಗೆ ಮೇಲೆ ಒದ್ದೆ ಬಟ್ಟೆ ಹಾಸಿ, ಬಣ್ಣ ಬಳಿದು, ಎಲೆ ಇಟ್ಟು ಮಧ್ಯಾಹ್ನದ ಬಿಸಿಲಿಗೆ ಇಡ್ತೀನಿ. ದಾಸವಾಳದ ಎಲೆ, ಕಲ್ಲುಪ್ಪು, ಹಳೇ ಬಳೆ ಎಲ್ಲ ಚೆನ್ನಾಗಿ ಮೂಡ್ತವೆ. ಜರಿಗಿಡದ್ದು ಮಾತ್ರ ಬರೀ ಮಸುಕು ಕಲೆ.

ಬಿಸಿಲು ಬಿದ್ದ ಜಾಗ ಬೇಗ ಒಣಗ್ತಾ ಎಲೆ ಅಡಿಯ ಬಣ್ಣನ ತನ್ನ ಕಡೆ ಎಳ್ಕೊಳ್ಳುತ್ತೆ, ಅದಕ್ಕೇ ಅಡಿಯಲ್ಲಿ ತಿಳಿ ಅಚ್ಚು ಉಳಿಯೋದು. ಜರಿ ಎಲೆ ಅರ್ಧದಲ್ಲೇ ಸುರುಟಿ ಮೇಲೇಳುತ್ತೆ, ಎಲ್ಲಾ ಒಟ್ಟಿಗೇ ಒಣಗುತ್ತೆ. ಮೇಲೆ ಗಾಜು ಇಟ್ಟು ನೋಡಿದೆ, ಆವಿ ಕಟ್ಟಿ ಬಟ್ಟೆ ಒಣಗಲೇ ಇಲ್ಲ. ಗುಂಡುಪಿನ್ನು ಚುಚ್ಚಿದ್ರೆ ದಂಟು ನಿಲ್ಲುತ್ತೆ, ತುದಿಗಳು ಏಳ್ತವೆ. ಸಣ್ಣ ಕಲ್ಲಿಟ್ಟರೆ ಕಲ್ಲಿನ ಅಚ್ಚೇ ಎದ್ದು ಕಾಣುತ್ತೆ (ಅದೂ ಚೆಂದವೇ, ಆದ್ರೆ ನನಗೆ ಬೇಕಾಗಿದ್ದು ಅದಲ್ಲ).

ಪುಸ್ತಕದಲ್ಲಿ ಒತ್ತಿ ಒಣಗಿಸಿದ ಎಲೆ ಸುರುಟಲ್ಲ, ಸರಿ. ಆದ್ರೆ ಅಷ್ಟು ಹಗುರವಾದದ್ದು ಒದ್ದೆ ಬಟ್ಟೆಗೆ ಕೊನೇವರೆಗೂ ಅಂಟಿ ಕೂರುತ್ತಾ, ಇಲ್ಲಾ ಗಾಳಿಗೆ ಹಾರುತ್ತಾ? ಜರಿ ಎಲೆನ ನೀವು ಹಸಿಯಾಗೇ ಇಡ್ತೀರಾ, ಒಣಗಿಸಿ ಇಡ್ತೀರಾ? ತುದಿ ಏಳದ ಹಾಗೆ ಏನು ಮಾಡ್ತೀರಿ?